ಆವಿಗೆಯೊಳಗಿನ ಗಾಳಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮಲ್ಲಿ ಹಲವರ ಮನಸ್ಸಿಗೆ ಕೆರೆಯೂ ಹೊಳೆಯೂ ಹೊಲವೂ ಬರುವುವು. ಚನ್ನಗಿರಿಗೆ ಸೂಳೆಕೆರೆ ಇದೆ. ಹೊನ್ನಾಳಿಗೆ ತುಂಗಭದ್ರೆ ಇದೆ. ನ್ಯಾಮತಿಯು ಇತ್ತೀಚಿನವರೆಗೆ ಹೊನ್ನಾಳಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಾಗಿರುವುದು. ಜಗಳೂರಿಗೆ ಮಳೆ ಕಡಮೆ, ಬಯಲು ಹೆಚ್ಚು. ೧೯೯೭ರಿಂದ ಈ ಸೀಮೆಯೆಲ್ಲವೂ ದಾವಣಗೆರೆ ಜಿಲ್ಲೆಗೆ ಸೇರಿದೆ. ಅದಕ್ಕೆ ಮುಂಚೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ಜಿಲ್ಲೆ ಬೇರೆಯಾದರೂ ನೆಲ ಬೇರೆಯಾಗಲಿಲ್ಲ. ಆ ನೆಲದ ಮಣ್ಣನ್ನು ಕುರಿತು ಒಂದು ಸಣ್ಣ ಪ್ರಶ್ನೆಯನ್ನು ಈ ದಿನ ವಿಚಾರಮಾಡೋಣ.

ಕೆರೆಯಂಗಳದ ಜೇಡಿಮಣ್ಣನ್ನು ತಂದು, ತುಳಿದು, ಹದಮಾಡಿ, ತಿಗರಿಯ ಮೇಲಿಟ್ಟು ಕುಂಬಾರನು ಎರಡು ಗಡಿಗೆಗಳನ್ನು ಮಾಡುತ್ತಾನೆಂದು ಭಾವಿಸಿರಿ. ಮಣ್ಣು ಒಂದೇ, ಕೈ ಒಂದೇ, ಸೌದೆಯೂ ಒಂದೇ. ಒಂದು ಗಡಿಗೆಯು ಗಾಳಿಯಾಡುವ ಆವಿಗೆಯಲ್ಲಿ ಬೆಂದು ಕೆಂಪಾಗಿ ಹೊರಬರುವುದು. ಮತ್ತೊಂದನ್ನು ಹೊಟ್ಟು ಬೆರಣಿಗಳ ನಡುವೆ ಹುದುಗಿಸಿ, ಬೆಂಕಿ ಕಾವೇರಿದಾಗ ಆವಿಗೆಯ ಬಾಯನ್ನು ಮಣ್ಣಿನಿಂದ ಮೆತ್ತಿಬಿಟ್ಟರೆ ಅದು ಕಪ್ಪಾಗಿ ಹೊರಬರುವುದು. ಒಲೆಯ ಮೇಲೆ ಮಸಿ ಹಿಡಿದು ಕಪ್ಪಾದ ಗಡಿಗೆಯನ್ನು ನಾವು ಹೇಳುತ್ತಿಲ್ಲ. ಹುಟ್ಟುವಾಗಲೇ ಕಪ್ಪಾದುದನ್ನು ಹೇಳುತ್ತಿದ್ದೇವೆ. ಹಾಗಾದರೆ ಬಣ್ಣವನ್ನು ಕೊಟ್ಟುದು ಯಾವುದು? ಮಣ್ಣಲ್ಲ, ಏಕೆಂದರೆ ಎರಡಕ್ಕೂ ಅದು ಸಮಾನ. ಬರಿಯ ಉಷ್ಣವೂ ಅಲ್ಲ, ಏಕೆಂದರೆ ಎರಡೂ ಸಮನಾಗಿ ಕಾದಿರಬಹುದು. ಉಳಿದುದು ಒಂದೇ: ಬೇಯುವಾಗ ಗಡಿಗೆಯ ಸುತ್ತ ಇದ್ದ ಗಾಳಿ.

ಇದು ಕುಂಬಾರರಿಗೆ ಸಾವಿರಾರು ವರ್ಷಗಳಿಂದ ತಿಳಿದ ವಿಷಯ. ಆದರೆ ಆ ಗಾಳಿಯು ಮಣ್ಣಿಗೆ ಏನು ಮಾಡುವುದು, ಯಾವ ಕ್ರಮದಲ್ಲಿ ಮಾಡುವುದು, ಅದನ್ನು ಮಾಡುತ್ತಿರುವಾಗಲೇ ನಾವು ನೋಡಬಹುದೇ ಎಂಬುದು ಈ ಕಾಲದ ರಸಾಯನಶಾಸ್ತ್ರದ ಮುಖ್ಯ ಪ್ರಶ್ನೆಗಳಲ್ಲೊಂದು. ಕಬ್ಬಿಣದ ಕಾರ್ಖಾನೆ, ಮೋಟಾರು ಗಾಡಿಯ ಹೊಗೆ, ಇಟ್ಟಿಗೆಯ ಗೂಡು ಇವೆಲ್ಲವೂ ಆ ಪ್ರಶ್ನೆಗೆ ಸಿಕ್ಕಿಕೊಂಡಿವೆ.

ಮೊದಲು ಮಣ್ಣೆಂದರೇನು ಎಂಬುದನ್ನು ನೋಡೋಣ. ನಾವು ಮಣ್ಣು, ಕಲ್ಲು, ಮರಳು ಎನ್ನುವುದೆಲ್ಲವೂ ಬಹುಮಟ್ಟಿಗೆ ಆಕ್ಸೈಡುಗಳು. ಎಂದರೆ ಯಾವುದೋ ಒಂದು ಮೂಲವಸ್ತು ಆಮ್ಲಜನಕದೊಡನೆ ಕೂಡಿ ಆದ ದ್ರವ್ಯಗಳು. ಭೂಮಿಯ ಹೊರಪದರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಮ್ಲಜನಕವೇ. ಮರಳು ಸಿಲಿಕಾನಿನ ಆಕ್ಸೈಡು. ಜೇಡಿಯಲ್ಲಿ ಸಿಲಿಕಾನ್, ಅಲ್ಯುಮಿನಿಯಂಗಳ ಆಕ್ಸೈಡುಗಳು ನೀರಿನ ಅಂಶದೊಡನೆ ಹೆಣೆದುಕೊಂಡಿವೆ. ಇವುಗಳ ಜೊತೆಗೆ ನಮ್ಮ ಸೀಮೆಯ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡೂ ನೂರರಲ್ಲಿ ಕೆಲವು ಪಾಲು ಬೆರೆತಿರುವುದು. ಸಿಲಿಕಾನ್ ಅಲ್ಯುಮಿನಿಯಂಗಳ ಆಕ್ಸೈಡುಗಳು ಬಿಳುಪು. ಅವು ಗಡಿಗೆಗೆ ಒಡಲನ್ನು ಕೊಡುವುವು. ಕಬ್ಬಿಣದ ಆಕ್ಸೈಡು ಅಲ್ಪವಾದರೂ ಬಣ್ಣವನ್ನು ಅದೇ ಕೊಡುವುದು.

ಈ ಕಬ್ಬಿಣದ ಆಕ್ಸೈಡು ಒಂದೇ ವಿಧವಾಗಿಲ್ಲ. ಮುಖ್ಯವಾಗಿ ಮೂರು ವಿಧವಾಗಿದೆ. ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳಿದ್ದರೆ ಅದು ಹೆಮಟೈಟು. ನುಣ್ಣಗೆ ಅರೆದರೆ ಕೆಂಪು. ಕೆಮ್ಮಣ್ಣಿನ ಕೆಂಪು ಇದರದೇ. ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕವಿದ್ದರೆ ಅದು ಮ್ಯಾಗ್ನಟೈಟು, ಕಪ್ಪು ಬಣ್ಣ, ಅಯಸ್ಕಾಂತಕ್ಕೆ ಬಲವಾಗಿ ಅಂಟಿಕೊಳ್ಳುವುದು. ಕಬ್ಬಿಣವೂ ಆಮ್ಲಜನಕವೂ ಹೆಚ್ಚುಕಡಮೆ ಸಮಸಂಖ್ಯೆಯಲ್ಲಿದ್ದರೆ ಅದು ವುಸ್ಟೈಟು. ಜರ್ಮನಿಯ ಲೋಹಶಾಸ್ತ್ರಜ್ಞ ಫ್ರಿಟ್ಜ್ ವುಸ್ಟನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಆಮ್ಲಜನಕವೆಲ್ಲ ಹೋದರೆ ಉಳಿಯುವುದು ಲೋಹವಾದ ಕಬ್ಬಿಣ. ಆದ್ದರಿಂದ ಕೆಂಪಿನಿಂದ ಕಪ್ಪಿಗೆ, ಕಪ್ಪಿನಿಂದ ಲೋಹಕ್ಕೆ ಇಳಿಯುವ ಒಂದು ಮೆಟ್ಟಿಲಸಾಲು ಇಲ್ಲಿದೆ ಎನ್ನಬಹುದು. ಪ್ರತಿಯೊಂದು ಮೆಟ್ಟಿಲನ್ನು ಇಳಿಯುವಾಗಲೂ ಸ್ವಲ್ಪ ಸ್ವಲ್ಪ ಆಮ್ಲಜನಕವನ್ನು ಬಿಟ್ಟುಕೊಡಬೇಕು.

ಬಿಟ್ಟುಕೊಡುವುದು ಯಾರಿಗೆ? ಸುತ್ತಲಿನ ಗಾಳಿಗೆ. ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತಿದ್ದರೆ ಅಲ್ಲಿ ಆಮ್ಲಜನಕವು ಧಾರಾಳವಾಗಿರುವುದರಿಂದ ಕಬ್ಬಿಣದ ಆಕ್ಸೈಡು ತನ್ನದನ್ನು ಬಿಡಬೇಕಾದ ಕಾರಣವಿಲ್ಲ. ಅದು ಕೆಂಪಾಗಿಯೇ ನಿಲ್ಲುವುದು. ಬಾಯಿ ಮುಚ್ಚಿದ ಆವಿಗೆಯಲ್ಲಿ ಹೊಟ್ಟೂ ಸೌದೆಯೂ ಅರೆಬರೆಯಾಗಿ ಉರಿಯುವುವು. ಆಗ ಇಂಗಾಲದ ಮಾನಾಕ್ಸೈಡೆಂಬ ವಾಯುವೂ ಸ್ವಲ್ಪ ಜಲಜನಕವೂ ಹುಟ್ಟುವುವು. ಇವೆರಡೂ ಆಮ್ಲಜನಕಕ್ಕಾಗಿ ಹಸಿದ ವಾಯುಗಳು. ಗಾಳಿಯಲ್ಲಿ ದೊರೆಯದಿದ್ದರೆ ಮಣ್ಣಿನಿಂದಲೇ ಕಿತ್ತುಕೊಳ್ಳುವುವು. ಮಾನಾಕ್ಸೈಡು ಡಯಾಕ್ಸೈಡಾಗುವುದು, ಜಲಜನಕವು ನೀರಾವಿಯಾಗುವುದು, ಹೆಮಟೈಟು ಒಂದು ಮೆಟ್ಟಿಲು ಕೆಳಗಿಳಿದು ಕಪ್ಪಾಗುವುದು. ಆಮ್ಲಜನಕವನ್ನು ಕೊಡುವ ಕ್ರಿಯೆಯನ್ನು ಉತ್ಕರ್ಷಣವೆಂದೂ, ಕಿತ್ತುಕೊಳ್ಳುವ ಕ್ರಿಯೆಯನ್ನು ಅಪಕರ್ಷಣವೆಂದೂ ಶಾಸ್ತ್ರದಲ್ಲಿ ಕರೆಯುವರು.

ಈ ವಿದ್ಯೆ ನಮ್ಮ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಜಗಳೂರಿನಿಂದ ಈಶಾನ್ಯ ದಿಕ್ಕಿನಲ್ಲಿ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಇದೆ. ಅಶೋಕನ ಶಾಸನದಿಂದ ಹೆಸರಾದ ಈ ಸ್ಥಳದಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಉತ್ಖನನ ನಡೆಸಿದರು. ಅಲ್ಲಿನ ಬೃಹತ್ ಶಿಲಾಸಮಾಧಿಗಳ ಕಾಲದ ಮಡಕೆಗಳಲ್ಲಿ ಒಂದು ವಿಶೇಷವುಂಟು: ಒಳಮೈಯೂ ಬಾಯಂಚೂ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಒಂದೇ ಮಡಕೆಯಲ್ಲಿ ಎರಡು ಬಣ್ಣ. ಮಡಕೆಯನ್ನು ಹೊಟ್ಟಿನಂತಹ ವಸ್ತುವಿನ ಮೇಲೆ ಬೋರಲಾಗಿಟ್ಟು ಸುಟ್ಟಿರಬೇಕೆಂದು ಪ್ರಾಜ್ಞರಲ್ಲಿ ಅನೇಕರು ಊಹಿಸಿದ್ದಾರೆ. ಒಳಗೆ ಸಿಕ್ಕಿಕೊಂಡ ಹೊಗೆಯು ಒಳಮೈಯನ್ನು ಕಪ್ಪುಮಾಡಿತು. ಹೊರಗೆ ಆಡಿದ ಗಾಳಿಯು ಹೊರಮೈಯನ್ನು ಕೆಂಪಾಗಿಟ್ಟಿತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಉರಿದು ಆರಿದ ಬೆಂಕಿಯಲ್ಲಿ ಗಾಳಿ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದನ್ನು ಆ ಮಡಕೆಯ ಮೈ ಇಂದಿಗೂ ಬರೆದಿಟ್ಟುಕೊಂಡಿದೆ.

ಆದರೆ ಇಲ್ಲಿಯೇ ಒಂದು ತೊಡಕು ಎದುರಾಗುವುದು. ಮಡಕೆ ಕಪ್ಪಾಗುವುದಕ್ಕೆ ಕಾರಣಗಳು ಎರಡು. ಹೆಮಟೈಟು ಮ್ಯಾಗ್ನಟೈಟಾಗುವುದು ಒಂದು. ಹೊಗೆಯಲ್ಲಿನ ಇಂಗಾಲವು ಮಸಿಯಾಗಿ ಮಣ್ಣಿನ ರಂಧ್ರಗಳಲ್ಲಿ ಸೇರಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಮಣ್ಣು ಏನನ್ನೋ ಕಳೆದುಕೊಂಡಿದೆ; ಎರಡನೆಯದರಲ್ಲಿ ಏನನ್ನೋ ಪಡೆದುಕೊಂಡಿದೆ. ಕಣ್ಣಿಗೆ ಎರಡೂ ಒಂದೇ ಕಪ್ಪು. ತಣ್ಣಗಾದ ಮಡಕೆಯ ಬಣ್ಣವನ್ನೇ ನೋಡಿ ಅದು ಬೆಂದ ಕಥೆಯನ್ನು ಹೇಳಹೊರಟವನು ಈ ಸ್ಥಳದಲ್ಲಿ ನಿಂತುಬಿಡಬೇಕಾಗುವುದು.

ಇದನ್ನು ಬಿಡಿಸುವ ಉಪಾಯವು ಬಹಳ ಸರಳವಾದುದು: ಮಡಕೆಯ ಚೂರನ್ನು ಮತ್ತೊಮ್ಮೆ ಕಾಯಿಸುವುದು, ಕಾಯಿಸುತ್ತಿರುವಾಗಲೇ ತೂಗುವುದು. ಚೂರನ್ನು ಪುಡಿಮಾಡಿ, ಮೊದಲು ಅದು ಹೀರಿಕೊಂಡಿದ್ದ ತೇವವನ್ನು ಮಂದವಾದ ಕಾವಿನಲ್ಲಿ ಕಳೆದು, ಆಮೇಲೆ ಒಣಗಾಳಿಯಲ್ಲಿ ಕ್ರಮವಾಗಿ ಬಿಸಿ ಏರಿಸಬೇಕು. ಎರಡು ಚೂರುಗಳೂ ಕಪ್ಪಿನಿಂದ ಕೆಂಪಿಗೆ ತಿರುಗುವುವು. ಆದರೆ ತಕ್ಕಡಿಯು ಬೇರೆ ಬೇರೆ ಮಾತನ್ನು ಹೇಳುವುದು. ಮಸಿಯಿಂದ ಕಪ್ಪಾಗಿದ್ದ ಚೂರಿನಲ್ಲಿ ಇಂಗಾಲವು ಸುಟ್ಟು ಹಾರಿಹೋಗುವುದರಿಂದ ತೂಕ ಇಳಿಯುವುದು. ಮ್ಯಾಗ್ನಟೈಟಿನಿಂದ ಕಪ್ಪಾಗಿದ್ದ ಚೂರು ಗಾಳಿಯಿಂದ ಆಮ್ಲಜನಕವನ್ನು ಹಿಂದಕ್ಕೆ ಪಡೆಯುವುದರಿಂದ ತೂಕ ಏರುವುದು. ಶುದ್ಧವಾದ ಮ್ಯಾಗ್ನಟೈಟು ೧೦೦ ಪಾಲು ಇದ್ದರೆ ಅದು ಹೆಮಟೈಟಾದಾಗ ಸುಮಾರು ೧೦೩.೪ ಪಾಲಾಗುವುದು. ಒಂದೇ ಬಣ್ಣದ ಎರಡು ಚೂರುಗಳಲ್ಲಿ ಒಂದು ಹಗುರಾಗುತ್ತಿದೆ, ಇನ್ನೊಂದು ಭಾರವಾಗುತ್ತಿದೆ! ಕಣ್ಣಿಗೆ ಕಾಣದ ಭೇದವು ಬೆಂಕಿಯೊಳಗೆ ಕಂಡಿತು.

ಹೀಗೆ ಕಾಯಿಸುತ್ತಲೇ ತೂಗುವ ಯಂತ್ರವನ್ನು ೧೯೧೫ರಲ್ಲಿ ಜಪಾನಿನ ಕೋಟಾರೋ ಹೋಂಡಾ ಎಂಬ ವಿಜ್ಞಾನಿಯು ರಚಿಸಿ, ಅದಕ್ಕೆ ಉಷ್ಣತಕ್ಕಡಿ ಎಂಬರ್ಥದ ಹೆಸರನ್ನಿಟ್ಟನು. ತಕ್ಕಡಿಯ ಒಂದು ತೋಳಿಗೆ ತೂಗುಹಾಕಿದ ಸಣ್ಣ ಬಟ್ಟಲು; ಅದರ ಸುತ್ತ ಕುಲುಮೆ; ಕುಲುಮೆಯೊಳಗೆ ನಾವು ಬಯಸಿದ ವಾಯುವಿನ ಹರಿವು. ಬಿಸಿಯಾದ ವಾಯು ತೆಳುವಾಗುವುದರಿಂದ ಬಟ್ಟಲಿನ ತೂಕವೇ ಬದಲಾದಂತೆ ತೋರುವುದುಂಟು. ಆದಕಾರಣ ಖಾಲಿ ಬಟ್ಟಲನ್ನು ಮೊದಲು ಕಾಯಿಸಿ ನೋಡಿ, ಆ ತೋರಿಕೆಯ ಬದಲಾವಣೆಯನ್ನು ಲೆಕ್ಕದಿಂದ ಕಳೆಯುವರು. ಈಗಿನ ಯಂತ್ರಗಳು ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲವು.

ಈ ತಕ್ಕಡಿಯಲ್ಲಿ ೧೦೦ ಪಾಲು ಹೆಮಟೈಟನ್ನಿಟ್ಟು ಜಲಜನಕವನ್ನು ಹರಿಸಿದರೆ ಮೆಟ್ಟಿಲಸಾಲನ್ನು ಅಂಕಿಗಳಲ್ಲಿಯೇ ಓದಬಹುದು. ತೂಕವು ೯೬.೭ಕ್ಕೆ ಇಳಿದಾಗ ಅದು ಮ್ಯಾಗ್ನಟೈಟು. ೯೦ಕ್ಕೆ ಇಳಿದಾಗ ವುಸ್ಟೈಟು. ೭೦ರ ಹತ್ತಿರ ನಿಂತಾಗ ಬರಿಯ ಕಬ್ಬಿಣ. ಆದರೆ ಎರಡು ಕ್ರಿಯೆಗಳು ಏಕಕಾಲದಲ್ಲಿ ನಡೆದರೆ ತಕ್ಕಡಿಯೂ ಮೋಸಹೋಗುವುದು. ಮಸಿಯೂ ಮ್ಯಾಗ್ನಟೈಟೂ ಒಟ್ಟಿಗೆ ಇರುವ ಮಡಕೆಯ ಚೂರಿನಲ್ಲಿ ಒಂದರ ಇಳಿತವನ್ನು ಮತ್ತೊಂದರ ಏರಿಕೆ ಮುಚ್ಚಿಬಿಡಬಹುದು. ಆಗ ಕುಲುಮೆಯಿಂದ ಹೊರಬರುವ ವಾಯುವನ್ನೂ ಪರೀಕ್ಷಿಸಬೇಕು. ಇಂಗಾಲದ ಡಯಾಕ್ಸೈಡು ಬರುತ್ತಿದ್ದರೆ ಮಸಿ ಸುಡುತ್ತಿದೆ. ಗಾಳಿಯಲ್ಲಿನ ಆಮ್ಲಜನಕ ಕುಗ್ಗಿ ಡಯಾಕ್ಸೈಡು ಅದಕ್ಕೆ ತಕ್ಕಷ್ಟು ಬಾರದಿದ್ದರೆ ಅದನ್ನು ಕಬ್ಬಿಣ ಕುಡಿಯುತ್ತಿದೆ. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬ ಸಾಕ್ಷಿಯಿಂದ ಒರೆಹಚ್ಚುವಂತೆ, ಇಲ್ಲಿಯೂ ಒಂದು ಉಪಕರಣವನ್ನು ಇನ್ನೊಂದರಿಂದ ಒರೆಹಚ್ಚಬೇಕು.

ಕುಂಬಾರನು ಗಡಿಗೆಯ ಮೈಮೇಲೆ ಮಾಡಿದ ಕೆಲಸವನ್ನೇ ಪರ್ವತದಷ್ಟು ಅದಿರಿನ ಮೇಲೆ ಮಾಡಿದ ಸ್ಥಳವೂ ಈ ಸೀಮೆಗೆ ನೆರೆಯಲ್ಲಿಯೇ ಇದೆ. ಚನ್ನಗಿರಿ ತಾಲ್ಲೂಕಿನ ಪಕ್ಕದಲ್ಲಿಯೇ ಭದ್ರಾವತಿ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಯೋಜನೆಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು ೧೯೨೩ರಲ್ಲಿ ಅಲ್ಲಿ ಕೆಲಸಮಾಡತೊಡಗಿತು. ಅದಿರು ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಹೆಸರೇ ಹೇಳುವಂತೆ ಅದು ಕೆಮ್ಮಣ್ಣಿನ ಗುಂಡಿ, ಹೆಮಟೈಟಿನ ಕೆಂಪು. ಕಲ್ಲಿದ್ದಲಿಗೆ ಬದಲಾಗಿ ಮಲೆನಾಡಿನ ಮರವನ್ನು ಸುಟ್ಟು ಮಾಡಿದ ಇದ್ದಲನ್ನು ಕುಲುಮೆಗೆ ತುಂಬುತ್ತಿದ್ದರು. ಕೆಳಗಿನಿಂದ ಊದಿದ ಬಿಸಿಗಾಳಿಯಲ್ಲಿ ಇದ್ದಲು ಉರಿದು ಇಂಗಾಲದ ಮಾನಾಕ್ಸೈಡಾಗುವುದು. ಅದು ಮೇಲೇರುತ್ತ, ಮೇಲಿನಿಂದ ಇಳಿಯುತ್ತಿರುವ ಅದಿರಿನ ಆಮ್ಲಜನಕವನ್ನು ಕಸಿದುಕೊಳ್ಳುವುದು. ಕೆಂಪು, ಕಪ್ಪು, ಲೋಹ ಎಂಬ ಅದೇ ಮೆಟ್ಟಿಲುಗಳು.

ಊದುಕುಲುಮೆಯ ಬಾಯಿಂದ ಹೊರಬರುವ ವಾಯುವಿನಲ್ಲಿ ಇನ್ನೂ ಬಹಳಷ್ಟು ಮಾನಾಕ್ಸೈಡು ಉಳಿದಿರುವುದು. ಹತ್ತೊಂಬತ್ತನೆಯ ಶತಮಾನದ ಇಂಜಿನಿಯರುಗಳಿಗೆ ಇದು ದೊಡ್ಡ ನಷ್ಟವೆಂದು ತೋರಿತು. ಅದಿರಿಗೂ ವಾಯುವಿಗೂ ಸಾಕಷ್ಟು ಹೊತ್ತು ಸಂಪರ್ಕವಿಲ್ಲದುದೇ ಇದಕ್ಕೆ ಕಾರಣವೆಂದು ಎಣಿಸಿ, ಇಂಗ್ಲೆಂಡಿನಲ್ಲಿ ಬಹಳ ಹಣ ಸುರಿದು ಕುಲುಮೆಗಳನ್ನು ಎತ್ತರಿಸಿ ಕಟ್ಟಿದರು. ಕುಲುಮೆ ಎತ್ತರವಾಯಿತು, ಮಾನಾಕ್ಸೈಡಿನ ಪಾಲು ಮಾತ್ರ ತಗ್ಗಲಿಲ್ಲ. ಫ್ರಾನ್ಸಿನ ಲೆ ಶಾಟೆಲಿಯೆ ಎಂಬ ರಸಾಯನಶಾಸ್ತ್ರಜ್ಞನು ಇದರ ಕಾರಣವನ್ನು ವಿವರಿಸಿದನು. ಮಾನಾಕ್ಸೈಡು ಆಮ್ಲಜನಕವನ್ನು ಕಸಿದುಕೊಂಡಂತೆ ಡಯಾಕ್ಸೈಡು ಹುಟ್ಟುವುದಷ್ಟೆ. ಈ ಡಯಾಕ್ಸೈಡು ಹೆಚ್ಚಾದರೆ ಅದು ಕಬ್ಬಿಣಕ್ಕೆ ಆಮ್ಲಜನಕವನ್ನು ಹಿಂದಕ್ಕೆ ಕೊಡಲು ತೊಡಗುವುದು. ಕೊಡುವುದೂ ಕೊಳ್ಳುವುದೂ ಸಮನಾದಾಗ ಕ್ರಿಯೆಯು ನಿಂತಂತಾಗುವುದು. ೯೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ವುಸ್ಟೈಟು ಕಬ್ಬಿಣವಾಗಬೇಕಾದರೆ ಈ ಎರಡು ವಾಯುಗಳ ಮಿಶ್ರಣದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಾದರೂ ಮಾನಾಕ್ಸೈಡಿರಬೇಕು. ಕುಲುಮೆಯನ್ನು ಆಕಾಶಕ್ಕೆ ಮುಟ್ಟಿಸಿದರೂ ಈ ಲೆಕ್ಕ ತಪ್ಪದು.

ಇದರಿಂದ ಒಂದು ಮುಖ್ಯವಾದ ತತ್ತ್ವವು ಸಿದ್ಧವಾಗುವುದು. ಆಕ್ಸೈಡಿನ ಗತಿಯನ್ನು ನಿರ್ಣಯಿಸುವುದು ಯಾವುದೋ ಒಂದು ವಾಯುವಿನ ಇರವಲ್ಲ. ಕಸಿಯುವ ವಾಯುವಿಗೂ ಕೊಡುವ ವಾಯುವಿಗೂ ಇರುವ ಪ್ರಮಾಣ. ಜಲಜನಕದಲ್ಲಿ ಕಾಯಿಸುವಾಗ ಅದರೊಡನೆ ಎಷ್ಟು ನೀರಾವಿ ಇದೆ ಎಂಬುದೂ ಅಷ್ಟೇ ಮುಖ್ಯ. ಜಲಜನಕವನ್ನು ಚೆನ್ನಾಗಿ ಒಣಗಿಸದೆ ಹರಿಸಿದರೆ ಪ್ರಯೋಗದ ಫಲವೇ ಬೇರೆಯಾಗಬಹುದು.

ಎಲ್ಲ ಆಕ್ಸೈಡುಗಳೂ ಕಬ್ಬಿಣದಂತೆ ಮಣಿಯುವುದಿಲ್ಲ. ಯಾವ ಉಷ್ಣಮಾನದಲ್ಲಿ ಯಾವ ಆಕ್ಸೈಡು ತನ್ನ ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿದಿರುವುದೆಂಬುದನ್ನು ೧೯೪೪ರಲ್ಲಿ ಎಲಿಂಗ್‌ಹ್ಯಾಮ್ ಎಂಬ ಆಂಗ್ಲ ವಿಜ್ಞಾನಿಯು ಒಂದೇ ನಕ್ಷೆಯಲ್ಲಿ ಗೆರೆಗಳಾಗಿ ಬರೆದು ತೋರಿಸಿದನು. ಒಂದು ತುದಿಯಲ್ಲಿ ಚಿನ್ನದಂತಹ ಲೋಹಗಳಿವೆ. ಹೊನ್ನಾಳಿ ನ್ಯಾಮತಿಗಳ ಸುತ್ತಿನ ನೆಲದಲ್ಲಿ ಹಿಂದೆ ಚಿನ್ನವನ್ನು ಅರಸಿ ಅಗೆದುದುಂಟು. ಆ ಚಿನ್ನವು ಕಲ್ಲಿನಲ್ಲಿ ಲೋಹವಾಗಿಯೇ ದೊರೆಯುವುದೇ ಹೊರತು ಆಕ್ಸೈಡಾಗಿ ಅಲ್ಲ. ಆಮ್ಲಜನಕವನ್ನು ಅದು ಹಿಡಿದೇ ಇಲ್ಲವಾದುದರಿಂದ ಬಿಡುವ ಮಾತೂ ಇಲ್ಲ. ಇನ್ನೊಂದು ತುದಿಯಲ್ಲಿ ಅಲ್ಯುಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಆಕ್ಸೈಡುಗಳು. ಸಾಧಾರಣ ಕುಲುಮೆಯ ಕಾವಿನಲ್ಲಿ ಜಲಜನಕವು ಅವುಗಳನ್ನು ಅಲುಗಿಸಲಾರದು. ಕುಲುಮೆಯ ಒಳಗೋಡೆಯ ಇಟ್ಟಿಗೆಗಳನ್ನು ಇಂತಹ ದ್ರವ್ಯಗಳಿಂದಲೇ ಮಾಡುವುದು ಅದಕ್ಕಾಗಿ. ತಾಮ್ರ, ಕಬ್ಬಿಣಗಳು ನಡುವೆ ಇವೆ. ಕಪ್ಪು ಮಡಕೆಯ ಒಡಲು ಕರಗದೆ ನಿಂತು ಬಣ್ಣ ಮಾತ್ರ ಬದಲಾದುದರ ರಹಸ್ಯವೂ ಇದೇ: ಅದೇ ಹೊಗೆಯ ನಡುವೆ ಅಲ್ಯುಮಿನಿಯಂ ಸಿಲಿಕಾನುಗಳ ಆಕ್ಸೈಡುಗಳು ಅಚಲವಾಗಿದ್ದುವು, ಕಬ್ಬಿಣದ್ದು ಮಾತ್ರ ಮಣಿಯಿತು.

ಇನ್ನು ನಮ್ಮ ವಿಷಯದ ತಿರುಳಿಗೆ ಬರೋಣ. ಕಾಯಿಸಿದ ವಸ್ತುವನ್ನು ತಣ್ಣಗೆಮಾಡಿ ಹೊರತೆಗೆದು ನೋಡಿದರೆ ಸಾಲದೇ? ಬಹುಕಾಲ ಹಾಗೆಯೇ ಮಾಡುತ್ತಿದ್ದರು. ಅದು ಏಕೆ ಸಾಲದು ಎಂಬುದಕ್ಕೆ ವುಸ್ಟೈಟೇ ಸಾಕ್ಷಿ. ಈ ಆಕ್ಸೈಡು ಸುಮಾರು ೫೭೦ ಡಿಗ್ರಿಗಿಂತ ಮೇಲೆ ಮಾತ್ರ ಸ್ಥಿರವಾಗಿರುವುದು. ಕುಲುಮೆಯಲ್ಲಿ ವುಸ್ಟೈಟಾಗಿದ್ದುದನ್ನು ನಿಧಾನವಾಗಿ ತಣಿಸಿದರೆ ಅದು ಒಡೆದು ಒಂದಂಶ ಮ್ಯಾಗ್ನಟೈಟೂ ಒಂದಂಶ ಕಬ್ಬಿಣವೂ ಆಗಿಬಿಡುವುದು. ತಣ್ಣನೆಯ ಚೂರನ್ನು ಪರೀಕ್ಷಿಸಿದವನು, ಕುಲುಮೆಯಲ್ಲಿ ಮ್ಯಾಗ್ನಟೈಟೂ ಕಬ್ಬಿಣವೂ ಒಟ್ಟಿಗಿದ್ದುವೆಂದು ಬರೆಯುವನು. ನಿಜವಾಗಿ ಆ ಕಾವಿನಲ್ಲಿ ಅವೆರಡೂ ಇರಲಿಲ್ಲ. ಜಲಜನಕದಲ್ಲಿ ಹೊಸದಾಗಿ ಹುಟ್ಟಿದ ಅತಿನುಣ್ಣನೆಯ ಕಬ್ಬಿಣದ ಪುಡಿಯಂತೂ ಹೊರಗಿನ ಗಾಳಿ ಸೋಕಿದೊಡನೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಸಾಕ್ಷಿಯು ನ್ಯಾಯಸ್ಥಾನಕ್ಕೆ ಬರುವ ದಾರಿಯಲ್ಲಿಯೇ ರೂಪವನ್ನು ಬದಲಾಯಿಸಿಕೊಂಡರೆ ನ್ಯಾಯಾಧಿಪತಿಯು ಏನು ಮಾಡಬಲ್ಲನು? ತಾನೇ ಸ್ಥಳಕ್ಕೆ ಹೋಗಬೇಕು. ವಿಜ್ಞಾನಿಯೂ ಕುಲುಮೆಯೊಳಕ್ಕೇ ತನ್ನ ದೃಷ್ಟಿಯನ್ನು ಕೊಂಡೊಯ್ಯಬೇಕು.

ಆ ದೃಷ್ಟಿಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಹೇಳುವೆವು. ಮೊದಲನೆಯದು ಎಕ್ಸ್ ಕಿರಣ. ಹರಳುಗಳಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿರುವುವು. ಆ ಸಾಲುಗಳಿಂದ ಎಕ್ಸ್ ಕಿರಣಗಳು ಗೊತ್ತಾದ ಕೋನಗಳಲ್ಲಿ ಚದರುವುವೆಂಬುದು ೧೯೧೨ರಲ್ಲಿ ಸಿದ್ಧವಾಯಿತು. ಹೆಮಟೈಟು, ಮ್ಯಾಗ್ನಟೈಟು, ವುಸ್ಟೈಟು, ಕಬ್ಬಿಣ ಈ ನಾಲ್ಕರ ಸಾಲುಗಳೂ ಬೇರೆ ಬೇರೆ. ಆದ್ದರಿಂದ ನಾಲ್ಕಕ್ಕೂ ಬೇರೆ ಬೇರೆ ಗುರುತುಗಳು. ಕಿರಣವು ಹಾಯಬಲ್ಲ ಕಿಟಕಿಯುಳ್ಳ ಸಣ್ಣ ಕುಲುಮೆಯಲ್ಲಿ ಪುಡಿಯನ್ನಿಟ್ಟು, ವಾಯುವನ್ನು ಹರಿಸುತ್ತ, ನಿಮಿಷ ನಿಮಿಷಕ್ಕೂ ಗುರುತುಗಳನ್ನು ದಾಖಲೆಮಾಡಿದರೆ ಒಂದು ಹರಳು ಮಾಯವಾಗಿ ಇನ್ನೊಂದು ತಲೆಯೆತ್ತುವುದನ್ನು ಕಾಣಬಹುದು.

ಎರಡನೆಯದು ನಮ್ಮ ನಾಡಿಗೆ ಹೆಮ್ಮೆ ತರತಕ್ಕದ್ದು. ಸರ್ ಸಿ. ವಿ. ರಾಮನ್ನರು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದು, ೧೯೩೩ರಿಂದ ಬೆಂಗಳೂರಿನಲ್ಲಿ ನೆಲಸಿ ಮುಂದುವರಿಸಿದ ಬೆಳಕಿನ ಪರಿಣಾಮವು ಈಗ ಕುಲುಮೆಯೊಳಕ್ಕೂ ಇಣಿಕಿ ನೋಡುವ ಸಾಧನವಾಗಿದೆ. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟಾಗ ಚದರಿ ಬರುವ ಬೆಳಕಿನಲ್ಲಿ ಅಲ್ಪಾಂಶವು ಬಣ್ಣ ಬದಲಾಯಿಸಿಕೊಂಡಿರುವುದು. ಆ ಬದಲಾವಣೆಯು ವಸ್ತುವಿನೊಳಗಣ ಪರಮಾಣುಗಳು ಹೇಗೆ ಕಂಪಿಸುತ್ತಿವೆ ಎಂಬುದನ್ನು ತಿಳಿಸುವುದು. ಗಾಜಿನ ಅಥವಾ ಸ್ಫಟಿಕದ ಕಿಟಕಿಯೊಂದಿದ್ದರೆ ಸಾಕು. ಬೆಳಕು ಒಳಕ್ಕೆ ಹೋಗಿ ಸುದ್ದಿಯನ್ನು ಹೊತ್ತು ಹಿಂದಿರುಗುವುದು.

ಮೂರನೆಯದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕ. ೧೯೩೧ರಲ್ಲಿ ಜರ್ಮನಿಯಲ್ಲಿ ರುಸ್ಕ ಮತ್ತು ನೋಲ್ ಎಂಬವರು ಮೊದಲು ರಚಿಸಿದ ಈ ಯಂತ್ರಕ್ಕೆ ಒಳಗೆ ನಿರ್ವಾತವಿರಬೇಕು. ಏಕೆಂದರೆ ಗಾಳಿಯು ಇಲೆಕ್ಟ್ರಾನುಗಳನ್ನು ಚದುರಿಸಿಬಿಡುವುದು. ನಮಗೋ ವಾಯುವಿನಲ್ಲಿಯೇ ಆಕ್ಸೈಡನ್ನು ನೋಡಬೇಕಾಗಿದೆ. ಈ ವಿರೋಧವನ್ನು ಎರಡು ವಿಧವಾಗಿ ಪರಿಹರಿಸಿದ್ದಾರೆ. ಒಂದರಲ್ಲಿ, ನೋಡುವ ವಸ್ತುವಿನ ಸುತ್ತ ಮಾತ್ರ ವಾಯುಮಂಡಲದ ಒತ್ತಡದ ನೂರರಲ್ಲಿ ಒಂದೆರಡು ಪಾಲಿನಷ್ಟು ವಾಯುವನ್ನು ಬಿಟ್ಟು, ಅದು ಹರಡುವ ಮುನ್ನವೇ ಬಲವಾದ ಪಂಪುಗಳಿಂದ ಸೆಳೆದುಬಿಡುವರು. ಇನ್ನೊಂದರಲ್ಲಿ, ಕೂದಲೆಳೆಗಿಂತ ಸಾವಿರ ಪಾಲು ತೆಳುವಾದ ಎರಡು ಹಾಳೆಗಳ ನಡುವೆ ವಾಯುವನ್ನೂ ವಸ್ತುವನ್ನೂ ಮುಚ್ಚಿಡುವರು. ಇದರಲ್ಲಿ ಹೊರಗಿನ ಗಾಳಿಯಷ್ಟೇ ಒತ್ತಡವನ್ನು ಇಡಬಹುದು. ಆಕ್ಸೈಡಿನ ಕಣವೊಂದರ ಅಂಚಿನಲ್ಲಿ ಲೋಹವು ಮೊಳೆಯುವುದನ್ನು ಹೀಗೆ ಕಣ್ಣಾರೆ ಕಂಡಿದ್ದಾರೆ.

ಆದರೆ ನೋಡುವ ಸಾಧನವೇ ನೋಡುವ ವಸ್ತುವನ್ನು ಕೆಡಿಸುವುದುಂಟು. ಬಲವಾದ ಇಲೆಕ್ಟ್ರಾನ್ ಕಿರಣವು ವಾಯುವಿನ ಸಹಾಯವಿಲ್ಲದೆಯೇ ಕೆಲವು ಆಕ್ಸೈಡುಗಳ ಆಮ್ಲಜನಕವನ್ನು ಹೊರಡಿಸಬಲ್ಲದು. ರಾಮನ್ ಪ್ರಯೋಗದ ಲೇಸರ್ ಬೆಳಕು ಕಪ್ಪು ಪುಡಿಯನ್ನು ತಾಕಿದ ಸ್ಥಳದಲ್ಲಿಯೇ ಸುಡಬಲ್ಲದು. ಆದ್ದರಿಂದ ಕಿರಣವನ್ನು ಮುಚ್ಚಿಟ್ಟು, ಅದು ತಾಕದಿದ್ದ ಸ್ಥಳದಲ್ಲಿಯೂ ಅದೇ ಮಾರ್ಪಾಡು ನಡೆದಿದೆಯೇ ಎಂದು ನೋಡಿದ ಮೇಲೆಯೇ ನಂಬುವರು. ಮಿಲಿಗ್ರಾಮಿನಲ್ಲಿ ಕಂಡುದು ಟನ್ನುಗಳಲ್ಲಿಯೂ ನಡೆಯುವುದೆಂದು ಎಣಿಸುವುದೂ ಆತುರ. ದೊಡ್ಡ ಉಂಡೆಯೊಳಗೆ ವಾಯುವು ನುಗ್ಗುವುದೂ ಹುಟ್ಟಿದ ನೀರಾವಿ ಹೊರಬರುವುದೂ ಬೇರೆಯೇ ಒಂದು ಕಥೆ.

ಇಂತಹ ವಿಚಾರಗಳಿಗೆ ಬೆಂಗಳೂರು ಒಂದು ನೆಲೆಯಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೬ರಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರದ ವಿಭಾಗವು ಆರಂಭವಾಯಿತು. ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾಯರು ಲೋಹಗಳ ಆಕ್ಸೈಡುಗಳ ಅಧ್ಯಯನದಿಂದ ಲೋಕವಿಖ್ಯಾತರಾದರು. ಅದೇ ಸಂಸ್ಥೆಯ ಕೆ. ಸಿ. ಪಾಟೀಲರು, ಲವಣಗಳಿಗೆ ಇಂಧನವನ್ನು ಬೆರೆಸಿ ಹೊತ್ತಿಸಿ ಕೆಲವೇ ನಿಮಿಷಗಳಲ್ಲಿ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಪಡೆಯುವ ವಿಧಾನವನ್ನು ಬೆಳೆಸಿದರು. ಎಂ. ಎಸ್. ಹೆಗಡೆಯವರು ಸೀರಿಯಂ ಎಂಬ ಧಾತುವಿನ ಆಕ್ಸೈಡಿನ ಜಾಲದೊಳಗೆ ಪ್ಲಾಟಿನಂ, ಪೆಲ್ಲೇಡಿಯಂಗಳ ಅಯಾನುಗಳನ್ನು ಕೂರಿಸಿ, ಹೊಗೆಯನ್ನು ಶುದ್ಧಿಮಾಡುವ ವೇಗವರ್ಧಕಗಳನ್ನು ರಚಿಸಿದರು.

ಈ ಸೀರಿಯಂ ಆಕ್ಸೈಡಿನ ವರ್ತನೆಯು ಕುತೂಹಲಕರವಾದುದು. ತಿಳಿಹಳದಿಯ ಈ ಪುಡಿಯನ್ನು ಜಲಜನಕದಲ್ಲಿ ಕಾಯಿಸಿದರೆ ಅದು ಸ್ವಲ್ಪ ಆಮ್ಲಜನಕವನ್ನು ಬಿಟ್ಟು ನೀಲಿಗಪ್ಪಾಗುವುದು. ಆದರೂ ಅದರ ಹರಳಿನ ಕಟ್ಟಡ ಕುಸಿಯುವುದಿಲ್ಲ. ಆಮ್ಲಜನಕವಿದ್ದ ಕೆಲವು ಮನೆಗಳು ಬರಿದಾಗಿ ಉಳಿಯುವುವು, ಅಷ್ಟೆ. ಮತ್ತೆ ಗಾಳಿ ಬಂದರೆ ಆ ಮನೆಗಳು ತುಂಬಿಕೊಳ್ಳುವುವು. ತಣ್ಣಗೆ ಹೊರತೆಗೆದರೆ ಗಾಳಿಯಲ್ಲಿಯೇ ಬಹುಮಟ್ಟಿಗೆ ತುಂಬಿಕೊಂಡು, ಏನೂ ನಡೆಯದಂತೆ ತೋರುವುದೂ ಉಂಟು. ಮೋಟಾರು ಗಾಡಿಗಳ ಹೊಗೆಕೊಳವೆಯಲ್ಲಿ ಇದು ಆಮ್ಲಜನಕದ ಕಣಜದಂತೆ ಕೆಲಸಮಾಡುವುದು. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದಾಗ ತುಂಬಿಟ್ಟುಕೊಂಡು, ಕಡಮೆಯಾದಾಗ ಕೊಟ್ಟು, ವಿಷ ವಾಯುವಾದ ಮಾನಾಕ್ಸೈಡನ್ನು ಸುಡುವುದು. ಕುಂಬಾರನ ಆವಿಗೆಯಲ್ಲಿ ಗಡಿಗೆಗೆ ಒಮ್ಮೆ ನಡೆದುದು ನಮ್ಮ ಬೀದಿಯ ಗಾಡಿಯಲ್ಲಿ ಕ್ಷಣಕ್ಷಣಕ್ಕೂ ನಡೆಯುತ್ತಿರುವುದು.

ಇದಕ್ಕಿಂತ ದೊಡ್ಡ ಪ್ರಯೋಜನವು ಕಬ್ಬಿಣದ ವಿಷಯದಲ್ಲಿ ಉಂಟು. ಊದುಕುಲುಮೆಯ ಮಾರ್ಗದಲ್ಲಿ ಒಂದು ಟನ್ನು ಉಕ್ಕಿಗೆ ಸುಮಾರು ಎರಡು ಟನ್ನು ಇಂಗಾಲದ ಡಯಾಕ್ಸೈಡು ವಾಯುಮಂಡಲವನ್ನು ಸೇರುವುದು. ಭೂಮಿಯ ಕಾವೇರುವುದಕ್ಕೆ ಇದೊಂದು ದೊಡ್ಡ ಕಾರಣ. ಇಂಗಾಲಕ್ಕೆ ಬದಲಾಗಿ ಜಲಜನಕದಿಂದ ಅದಿರಿನ ಆಮ್ಲಜನಕವನ್ನು ಕಸಿದರೆ ಹೊರಬರುವುದು ಬರಿಯ ನೀರಾವಿ. ಸ್ವೀಡನ್ನಿನಲ್ಲಿ ೨೦೨೧ರಲ್ಲಿ ಹೀಗೆ ಜಲಜನಕದಿಂದ ಕಬ್ಬಿಣವನ್ನು ತೆಗೆದು ತೋರಿಸಿದರು. ಭಾರತ ಸರ್ಕಾರವೂ ೨೦೨೩ರಲ್ಲಿ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಯನ್ನು ಅಂಗೀಕರಿಸಿತು. ಆದರೆ ಜಲಜನಕದ ಕ್ರಿಯೆಯು ಉಷ್ಣವನ್ನು ಹೀರಿಕೊಳ್ಳತಕ್ಕದ್ದು. ಹೊರಗಿನಿಂದ ಕಾವನ್ನು ಕೊಡುತ್ತಲೇ ಇರಬೇಕು. ಅಲ್ಲದೆ ಹುಟ್ಟಿದ ಕಬ್ಬಿಣವು ಕೆಲವೊಮ್ಮೆ ಒಳಗಿನ ವುಸ್ಟೈಟಿನ ಸುತ್ತ ಬಿಗಿಯಾದ ಸಿಪ್ಪೆಯಂತೆ ಮುಚ್ಚಿಕೊಳ್ಳುವುದು. ಆಗ ಜಲಜನಕ ಒಳಹೋಗಲಾರದು, ನೀರಾವಿ ಹೊರಬರಲಾರದು, ಕ್ರಿಯೆ ಮಂದವಾಗುವುದು. ಸಿಪ್ಪೆಯು ರಂಧ್ರಮಯವಾಗಿದ್ದರೆ ಈ ತೊಂದರೆ ಇಲ್ಲ. ಯಾವ ಕಾವಿನಲ್ಲಿ, ಯಾವ ವಾಯುಮಿಶ್ರಣದಲ್ಲಿ ಸಿಪ್ಪೆ ಬಿಗಿಯಾಗುವುದು, ಯಾವಾಗ ಬಿರಿಯುವುದು ಎಂಬುದನ್ನು ಅದು ನಡೆಯುತ್ತಿರುವಾಗಲೇ ನೋಡಿ ತಿಳಿಯಬೇಕಾಗಿದೆ. ಮಲೆನಾಡಿನ ಮರವನ್ನು ಕಡಿದು ಇದ್ದಲುಮಾಡಿ ಕಬ್ಬಿಣ ತೆಗೆದ ಅನುಭವವುಳ್ಳ ನಮ್ಮ ನಾಡಿಗೆ ಈ ವಿಚಾರವು ಪರಕೀಯವಾದುದಲ್ಲ.

ಮನೆ ಕಟ್ಟುವವರಿಗೂ ಇದರಲ್ಲೊಂದು ಪಾಠವಿದೆ. ಇಟ್ಟಿಗೆಯನ್ನು ಒಡೆದು ನೋಡಿದಾಗ ಹೊರಗೆ ಕೆಂಪು, ನಡುವೆ ಕರಿಯ ಒಡಲು ಇರುವುದುಂಟು. ಮಣ್ಣಿನಲ್ಲಿದ್ದ ಎಲೆಬೇರುಗಳ ಅಂಶವು ಸುಟ್ಟು ಹೋಗುವ ಮುನ್ನವೇ ಬೆಂಕಿಯನ್ನು ಆತುರವಾಗಿ ಏರಿಸಿದುದರ ಫಲವಿದು. ಒಳಗೆ ಉಳಿದ ಇಂಗಾಲವು ಅಲ್ಲಿಯೇ ಅಪಕರ್ಷಣವನ್ನು ನಡೆಸುವುದು. ಅಪಕರ್ಷಿತವಾದ ಕಬ್ಬಿಣದ ಆಕ್ಸೈಡು ಮಣ್ಣನ್ನು ಬೇಗ ಕರಗಿಸತಕ್ಕದ್ದಾದುದರಿಂದ ಹೊರಮೈಯ ರಂಧ್ರಗಳು ಮುಚ್ಚಿ, ಒಳಗಿನ ವಾಯುವಿಗೆ ದಾರಿಯಿಲ್ಲದೆ, ಇಟ್ಟಿಗೆ ಉಬ್ಬುವುದೂ ಉಂಟು. ಇದಕ್ಕೆ ಮದ್ದು ದುಬಾರಿಯಾದ ಯಂತ್ರವಲ್ಲ. ಪೂರ್ಣವಾದ ಕಾವನ್ನು ಕೊಡುವ ಮುನ್ನ ಮಧ್ಯಮವಾದ ಕಾವಿನಲ್ಲಿ ಸಾಕಷ್ಟು ಹೊತ್ತು ಗಾಳಿಯಾಡಲು ಬಿಡುವುದು.

ಕೆಂಪು ಹೆಂಚು, ಕರಿಯ ಗಡಿಗೆ, ಭದ್ರಾವತಿಯ ಕಬ್ಬಿಣ, ಗಾಡಿಯ ಹೊಗೆಕೊಳವೆ ಇವು ನಾಲ್ಕು ಬೇರೆ ಬೇರೆ ವಿಷಯಗಳಾಗಿ ತೋರಿದರೂ ಎಲ್ಲದರಲ್ಲಿಯೂ ಆಕ್ಸೈಡಿಗೂ ವಾಯುವಿಗೂ ನಡುವೆ ಆಮ್ಲಜನಕದ ಕೊಡುಕೊಳ್ಳುವಿಕೆಯೇ ನಡೆದಿರುವುದು. ಆ ವ್ಯವಹಾರದ ಕಡೆಯ ಲೆಕ್ಕವನ್ನು ಮಾತ್ರ ತಣ್ಣನೆಯ ವಸ್ತುವು ನಮಗೆ ತೋರಿಸುವುದು. ಅದೂ ಕೆಲವೊಮ್ಮೆ ತಿದ್ದಿದ ಲೆಕ್ಕ. ನಡುವಣ ಪುಟಗಳನ್ನು ಓದಬೇಕಾದರೆ ಬೆಂಕಿ ಉರಿಯುತ್ತಿರುವಾಗಲೇ ಓದಬೇಕು. ಆವಿಗೆಯ ಬಾಯಲ್ಲಿ ಜ್ವಾಲೆಯ ಬಣ್ಣವನ್ನೂ ಹೊಗೆಯ ದಟ್ಟಣೆಯನ್ನೂ ನೋಡುತ್ತ, ಯಾವಾಗ ಮೆತ್ತಬೇಕು, ಯಾವಾಗ ತೆರೆಯಬೇಕೆಂದು ನಿರ್ಣಯಿಸುವ ಕುಂಬಾರನು ಮಾಡುತ್ತಿರುವುದೂ ಅದನ್ನೇ. ಅವನು ಕಣ್ಣಿನಿಂದ ಅಳೆಯುವುದನ್ನು ವಿಜ್ಞಾನವು ತಕ್ಕಡಿಯಿಂದಲೂ ಕಿರಣದಿಂದಲೂ ಅಳೆಯುತ್ತಿರುವುದು.